ಕಡಲು ನಮ್ಮ ಕೆಳಗಿನ ಮನೆ

ಕಡಲು ಯಾರದ್ದು? ಗದ್ದೆಗೆ ಪಟ್ಟೆ ಉಂಟು, ತೋಟಕ್ಕೆ ಸರ್ವೆ ನಂಬ್ರ ಉಂಟು, ಗುಡ್ಡೆಗೂ ಒಂದು ದಾಖಲೆ ಉಂಟು. ಕಡಲಿಗೆ ಬೇಲಿ ಹಾಕಿದವರಿಲ್ಲ, ತೀರ್ವೆ ಕಟ್ಟಿದವರಿಲ್ಲ. ಹಾಗಾದರೆ ಯಾರ ಹೆಸರಲ್ಲೂ ಇಲ್ಲದ ಒಂದು ವಸ್ತುವನ್ನು ಕಾಯುವ ಹೊಣೆ ಯಾರದ್ದು? ನಾನು ಇಲ್ಲಿ ಕೇಳಬೇಕೆಂದು ಹೊರಟದ್ದು ಇದೊಂದೇ ಪ್ರಶ್ನೆ.

"ನಿಮಗೆಂತಕ್ಕೆ ಕಡಲ ಸುದ್ದಿ?" ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ನಾನು ಕಡಲಿನಿಂದ ದೂರ, ಗುಡ್ಡೆಯ ಬುಡದಲ್ಲಿ ಅಡಿಕೆ, ತೆಂಗು, ಒಂದಿಷ್ಟು ಗದ್ದೆ ಮಾಡಿಕೊಂಡಿರುವವಳು. ಶಾಲೆ ಏಳನೇ ಕ್ಲಾಸಿಗೆ ಮುಗಿಯಿತು. ನೇಜಿ ನೆಡುವಾಗ ಪಾಡ್ದನ ಹೇಳುವುದು ಅಮ್ಮನಿಂದ ಬಂದ ವಿದ್ಯೆ. ದೋಣಿ ಹತ್ತಿದವಳಲ್ಲ, ಈಜಲು ಬರುವುದಿಲ್ಲ. ನಮ್ಮ ಮಾಸ್ಟ್ರು "ಈ ಸಲದ ಪುಸ್ತಕಕ್ಕೆ ಧರ್ಮದ ವಿಷಯ ಏನಾದರೂ ಬರೆಯಿರಿ ಅಕ್ಕ" ಎಂದರು. ಧರ್ಮ ಎಂದರೆ ನನಗೆ ನೆನಪಿಗೆ ಬರುವುದು ಗದ್ದೆಯ ಹುಣಿ. ಅಲ್ಲಿಂದ ಇಳಿಯುತ್ತ ಇಳಿಯುತ್ತ ಹೋದರೆ ಸಿಗುವುದು ಕಡಲು. ಹಾಗಾಗಿ ಕಡಲ ಸುದ್ದಿ.

ಗದ್ದೆ ಬೇಸಾಯ ಮಾಡಿದವರಿಗೆ ಒಂದು ಕಟ್ಟಳೆ ಗೊತ್ತುಂಟು. ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿಯುತ್ತದೆ. ಅದಕ್ಕಾಗಿ ಹುಣಿಯಲ್ಲಿ ಕಂಡಿ ಇಟ್ಟಿರುತ್ತಾರೆ. ಮೇಲಿನವರು ತಮಗೆ ಬೇಕಾದಷ್ಟು ನಿಲ್ಲಿಸಿಕೊಳ್ಳಬಹುದು, ಆಮೇಲೆ ಕಂಡಿ ಬಿಡಬೇಕು. ಬಿಟ್ಟ ನೀರು ಹಾಳಾದ ನೀರಾಗಿರಬಾರದು. ಕೆಳಗಿನವರು ಕೈ ಮುಗಿದು ಬೇಡಬೇಕಾಗಿಲ್ಲ, ಮೇಲಿನವರನ್ನು ದೊಡ್ಡ ದಾನಿ ಎಂದು ಹೊಗಳುವವರೂ ಇಲ್ಲ. ಅದು ದಾನವೇ ಅಲ್ಲ, ಕೆಳಗಿನವರ ಪಾಲು. ಕೊಡದಿದ್ದರೆ ಮಾತ್ರ ಊರು ಮಾತಾಡುತ್ತದೆ.

ಈ ಕಟ್ಟಳೆಯ ದೊಡ್ಡ ರೂಪವನ್ನು ನೋಡಬೇಕಾದರೆ ಏತಡ್ಕದ ಕಡೆ ಹೋಗಬೇಕು. ಅಲ್ಲಿ ಮಳೆ ನಿಂತ ಮೇಲೆ ರೈತರು ಸೇರಿ ಕಲ್ಲು ಮಣ್ಣು ಹಾಕಿ ಹರಿಯುವ ನೀರಿಗೆ ಕಟ್ಟ ಕಟ್ಟುತ್ತಾರೆ. ಒಂದಲ್ಲ, ಒಂದರ ಕೆಳಗೆ ಒಂದರಂತೆ ಸಾಲು ಕಟ್ಟಗಳು. ಮೇಲಿನದ್ದು ತುಂಬಿ ಹರಿದದ್ದು ಕೆಳಗಿನದ್ದಕ್ಕೆ. ಯಾರೋ ಒಬ್ಬರು ತಮ್ಮ ಭಾಗದ ಕೆಲಸಕ್ಕೆ ಬಾರದಿದ್ದರೆ ಕಟ್ಟ ನಿಲ್ಲುವುದಿಲ್ಲ. ಸರಕಾರ ಬಂದು ಹೇಳಿಕೊಟ್ಟ ವಿದ್ಯೆ ಅಲ್ಲ ಅದು. ಹೊಟ್ಟೆಪಾಡು ಕಲಿಸಿದ್ದು, ನೆರೆಕರೆ ಉಳಿಸಿದ್ದು.

ಈಗ ನೋಡಿ, ಕಟ್ಟದ ಕೆಳಗೆ ಕಟ್ಟ, ಅದರ ಕೆಳಗೆ ಹೊಳೆ, ಹೊಳೆಯ ಕೆಳಗೆ ಏನುಂಟು? ಕೇರಳದ 44 ಹೊಳೆಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಉಂಟು. ಹೆಚ್ಚಿನವು ಗಿಡ್ಡ ಹೊಳೆಗಳು, ಗುಡ್ಡೆಯಲ್ಲಿ ಹುಟ್ಟಿ ಓಡಿಕೊಂಡು ಹೋಗಿ ಕಡಲಿಗೆ ಬೀಳುತ್ತವೆ. ಉದ್ದದ್ದು ಎಂದರೆ ಪಯಸ್ವಿನಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ನಮ್ಮಲ್ಲಿಗೆ ಬಂದು ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಅದರ ಉದ್ದವೂ ಸುಮಾರು 105 ಕಿಲೋಮೀಟರ್, ಅಷ್ಟೇ. ಮಳೆಗಾಲದಲ್ಲಿ ತೋಡಿಗೆ ಬಿದ್ದ ಒಂದು ಪ್ಲಾಸ್ಟಿಕ್ ತೊಟ್ಟೆ ಎಲ್ಲೂ ಸಿಕ್ಕಿಹಾಕಿಕೊಳ್ಳದಿದ್ದರೆ ಅಳಿವೆ ಮುಟ್ಟಲು ಎಷ್ಟು ಹೊತ್ತು ಬೇಕು? ಕೊಡಗಿನವರಿಗೆ ಸುಳ್ಯ ಕೆಳಗಿನ ಮನೆ, ಸುಳ್ಯದವರಿಗೆ ನಾವು ಕೆಳಗಿನ ಮನೆ. ನಮಗೆ? ನಮಗೆ ಕಡಲೇ ಕೆಳಗಿನ ಮನೆ. ಕಡಲಿಗೆ ಮಾತ್ರ ಅದರ ಕೆಳಗೆ ಇನ್ನೊಂದು ಮನೆ ಇಲ್ಲ. ಬಂದದ್ದನ್ನು ದಾಟಿಸಿ ಕೈ ತೊಳೆದುಕೊಳ್ಳಲು ಅದಕ್ಕೆ ಕಂಡಿಯೇ ಇಲ್ಲ.

ಕೆಳಗಿನ ಮನೆಯ ಕಷ್ಟ ಏನೆಂದು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. ಹೊಡೆದದ್ದು ಗುಡ್ಡೆಗೆ, ಇಳಿದದ್ದು ಪಡ್ರೆಯಂಥ ಊರುಗಳ ತೋಡಿಗೆ, ಸುರಂಗಕ್ಕೆ, ಬಾವಿಗೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. ಎದ್ದು ಕೂರಲಾಗದ ಮಕ್ಕಳನ್ನು ಸಾಕುತ್ತಿರುವ ಅಮ್ಮಂದಿರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. ಮೇಲೆ ಹೊಡೆದವರಿಗೆ ಕೆಳಗಿನವರ ಮೇಲೆ ಹಗೆ ಇತ್ತೆಂದು ನಾನು ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಕೆಳಗಿನ ಮನೆ ಇರಲಿಲ್ಲ, ಅಷ್ಟೇ. ಅವರು ಗೇರುಬೀಜದ ಲೆಕ್ಕ ನೋಡಿದರು, ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಲ್ಲ. ಅನ್ಯಾಯಕ್ಕೆ ಕೆಟ್ಟ ಮನಸ್ಸೇ ಬೇಕೆಂದಿಲ್ಲ. ಕೆಳಗೆ ನೋಡದ ಕಣ್ಣು ಸಾಕು. ಆ ಅನ್ಯಾಯವನ್ನು ಉಂಡ ಊರಿನವರಾದ ನಾವು ನಮ್ಮ ಕೆಳಗಿನ ಮನೆಗೆ ಅದನ್ನೇ ಮಾಡಬಹುದೋ?

ಇಲ್ಲಿಗೆ ಒಂದು ಎದುರು ಮಾತು ಬರುತ್ತದೆ. "ಕಡಲು ಎಷ್ಟು ದೊಡ್ಡದು! ನಮ್ಮ ಒಂದು ತೊಟ್ಟೆ, ಒಂದು ಔಷಧಿ ಬಾಟ್ಲಿಯಿಂದ ಅದಕ್ಕೆ ಏನಾದೀತು?" ಎನ್ನುತ್ತಾರೆ. ದೊಡ್ಡದಕ್ಕೆ ಸೋಲಿಲ್ಲ ಎಂದು ನಮ್ಮ ಹಿರಿಯರೂ ನಂಬಿದ್ದರು. ಬೂತಾಯಿ ಮೀನಿನ ಕತೆ ನೋಡಿ. ಹಿಂದೆ ಬೂತಾಯಿ ಎಷ್ಟು ಬೀಳುತ್ತಿತ್ತೆಂದರೆ ತಿಂದು ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು. ಕೊಚ್ಚಿಯಲ್ಲಿರುವ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2012ರಲ್ಲಿ ಕೇರಳದಲ್ಲಿ ಬಿದ್ದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬಿದ್ದದ್ದು ಸುಮಾರು 3,300 ಟನ್. ನೂರು ಬುಟ್ಟಿ ಬರುತ್ತಿದ್ದಲ್ಲಿ ಒಂದು ಬುಟ್ಟಿ ಬಂದ ಹಾಗೆ. ಇದಕ್ಕೆ ಮನುಷ್ಯರ ಬಲೆ ಒಂದೇ ಕಾರಣ ಅಲ್ಲ. ಕಡಲ ನೀರು ಬಿಸಿಯಾದದ್ದೂ, ಮಳೆ ಗಾಳಿಗಳ ಏರುಪೇರೂ ಸೇರಿದೆ ಎಂದು ತಿಳಿದವರು ಹೇಳುತ್ತಾರೆ. ಆದರೆ ಬರಗಾಲ ಬರುವ ವರ್ಷವೇ ಬಿತ್ತಿನ ಭತ್ತವನ್ನೂ ಕುಟ್ಟಿ ಉಂಡರೆ ಮುಂದಿನ ವರ್ಷ ಗದ್ದೆಗೆ ಏನು ಹಾಕುವುದು? ಮೊಟ್ಟೆ ಇಡುವಷ್ಟು ಬೆಳೆಯದ ಮರಿ ಮೀನನ್ನು ಬಾಚಿ ತರುವುದು ಬಿತ್ತು ಉಂಡ ಹಾಗೆಯೇ. ಅದಕ್ಕೇ ಕೇರಳ ಸರಕಾರ 2015ರಲ್ಲಿ ಮೀನಿಗೆ ಕನಿಷ್ಠ ಅಳತೆ ಇಟ್ಟಿತು. ಬೂತಾಯಿ ಆದರೆ 10 ಸೆಂಟಿಮೀಟರ್. ಅದಕ್ಕಿಂತ ಸಣ್ಣದನ್ನು ಹಿಡಿಯಬಾರದು, ಮಾರಬಾರದು. ನಾವು ಮೀನು ಕೊಳ್ಳುವಾಗ ಕೈಬೆರಳಿನಲ್ಲಿ ಅಳೆದು ನೋಡಲು ಏನು ಕಷ್ಟ?

ಎರಡನೇ ಎದುರು ಮಾತು ಇದಕ್ಕಿಂತ ಗಟ್ಟಿ. ಅದು ಹೊಟ್ಟೆಯ ಮಾತು. "ಉಂಡು ಕೂತವರು ಉಪದೇಶ ಹೇಳುತ್ತಾರೆ. ಸಾಲ ಮಾಡಿ ಬಲೆ ತೆಗೆದವನಿಗೆ ಈ ಲೆಕ್ಕವೆಲ್ಲ ಎಲ್ಲಿಯದು?" ಎನ್ನುತ್ತಾರೆ. ಈ ಮಾತಿಗೆ ನಾನು ತಲೆ ತಗ್ಗಿಸುತ್ತೇನೆ. ಕೇರಳದಲ್ಲಿ 1988ರಿಂದ ಮಳೆಗಾಲದಲ್ಲಿ ಟ್ರಾಲಿಂಗ್ ಬೋಟುಗಳಿಗೆ ನಿಷೇಧ ಉಂಟು. ಈಚಿನ ವರ್ಷಗಳಲ್ಲಿ ಅದು 52 ದಿನ, ಜುಲೈ ಕೊನೆಯವರೆಗೆ. ಮೀನು ಮೊಟ್ಟೆ ಇಡುವ ಹೊತ್ತಿಗೆ ಕಡಲ ತಳ ಗೀರುವ ಬಲೆ ಇಳಿಯಬಾರದೆಂಬ ಕಟ್ಟಳೆ. ಸರಿಯಾದದ್ದೇ. ಆದರೆ ಆಟಿ ತಿಂಗಳು ಎಂದರೆ ಏನೆಂದು ನಮಗೆ ಗೊತ್ತುಂಟಲ್ಲ. ಕೆಲಸ ಇಲ್ಲದ, ಕಣಜ ಬರಿದಾದ, ತಗತೆ ಸೊಪ್ಪು ತಿಂದು ದಿನ ದೂಡುವ ತಿಂಗಳು. ಆ ಹೊತ್ತಿಗೆ ಬೋಟಿನ ಕೂಲಿಯವರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ? ಸರಕಾರದ ಅಕ್ಕಿ ಬರುತ್ತದೆ. ಅಕ್ಕಿಯೊಂದರಿಂದ ಮನೆ ನಡೆಯುವುದಿಲ್ಲ.

ಹಾಗಾದರೆ ಕಡಲು ಕಾಯುವುದು ಬೇಡವೇ? ಬೇಕು. ಆದರೆ ಕಾಯುವುದರ ಖರ್ಚನ್ನೆಲ್ಲ ಬಡವರ ತಲೆಗೇ ಹೊರಿಸಿದರೆ ಅದು ಧರ್ಮ ಅಲ್ಲ. ಕಟ್ಟ ಕಟ್ಟುವಾಗ ಹತ್ತು ಎಕ್ರೆ ತೋಟದವರೂ ಹತ್ತು ಸೆಂಟ್ಸಿನವರೂ ಒಂದೇ ಲೆಕ್ಕದಲ್ಲಿ ಕಲ್ಲು ಹೊರಬೇಕೆಂದು ನಾವು ಹೇಳುತ್ತೇವೋ? ಇಲ್ಲ. ಹೆಚ್ಚು ನೀರು ಉಣ್ಣುವವರು ಹೆಚ್ಚು ಹೊರಬೇಕು. ಕಡಲಿನಿಂದ ಹೆಚ್ಚು ತೆಗೆದವರು, ಕಡಲಿಗೆ ಹೆಚ್ಚು ಕಸ ಬಿಟ್ಟವರು, ಅಗ್ಗದ ಮೀನು ಉಂಡು ಕೈ ತೊಳೆದವರು ಎಲ್ಲರೂ ಅವರವರ ಪಾಲು ಹೊರಬೇಕು. ಮೀನುಗಾರರಿಗೆ ಮಾತ್ರ ಬುದ್ಧಿ ಹೇಳುವವರು ಮೊದಲು ತಮ್ಮ ಮನೆಯ ತೋಡನ್ನು ನೋಡಿ ಬರಲಿ.

ಬುದ್ಧಿ ಹೇಳುವ ವಿಷಯ ಬಂತಲ್ಲ. ಕಡಲ ವಿದ್ಯೆಯನ್ನು ಯಾರು ಯಾರಿಗೆ ಕಲಿಸಬೇಕು? ಕೋಝಿಕ್ಕೋಡು ಜಿಲ್ಲೆಯ ಪಯ್ಯೋಳಿಯ ಹತ್ತಿರ ಕೊಳಾವಿ ಎಂಬ ಕಡಲ ತೀರ ಉಂಟು. ಅಲ್ಲಿಯ ಬೆಸ್ತರ ಹುಡುಗರು ಕೆಲವರು 1992ರಲ್ಲಿ ಪತ್ರಿಕೆಯಲ್ಲಿ ಕಡಲಾಮೆಯ ಬಗ್ಗೆ ಬಂದ ಒಂದು ಬರಹ ಓದಿದರು. ತಮ್ಮ ತೀರಕ್ಕೆ ರಾತ್ರಿ ಬಂದು ಮೊಟ್ಟೆ ಇಡುವ ಆಮೆ ಅದೇ ಎಂದು ಅವರಿಗೆ ತಿಳಿಯಿತು. ಅಲ್ಲಿಯವರೆಗೆ ಆ ಮೊಟ್ಟೆ ಸಿಕ್ಕಿದವರಿಗೆ ಊಟ, ಇಲ್ಲವೇ ನಾಲ್ಕು ಕಾಸು. ಓದಿದ ಮೇಲೆ ಹುಡುಗರು ಸೇರಿ ಮೊಟ್ಟೆ ಕಾಯಲು ಸುರು ಮಾಡಿದರು. ನಮ್ಮ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲೂ "ನೆಯ್ದಲ್" ಎಂಬ ಕೂಟದವರು ಇದೇ ಕೆಲಸವನ್ನು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ವಾಚನಾಲಯದ ಪುಸ್ತಕದಲ್ಲಿ ಬರೆಯುತ್ತಿರುವ ನನಗೆ ಆ ಕೊಳಾವಿಯ ಸಂಗತಿ ಬಹಳ ದೊಡ್ಡದು. ಒಂದು ಬರಹ, ನಾಲ್ಕು ಮಂದಿ ಓದುಗರು, ಒಂದು ತೀರ.

ಆಮೆಯ ಸಂಗತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಬರುವುದು ಆಲಿವ್ ರಿಡ್ಲೆ ಎಂಬ ಜಾತಿ. ಹೆಣ್ಣಾಮೆ ರಾತ್ರಿ ದಡ ಹತ್ತಿ, ಮರಳು ತೋಡಿ, ನೂರರ ಮೇಲೆ ಕೆಳಗೆ ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳು. 45ರಿಂದ 60 ದಿನಕ್ಕೆ ಮರಿ ಹೊರಗೆ ಬರುತ್ತದೆ. ಮರಳು ಬಿಸಿ ಹೆಚ್ಚಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಬೆಳಕಿದ್ದ ಕಡೆ ಓಡುವುದು ಮರಿಯ ಗುಣ, ಹಾಗಾಗಿ ದಡದಲ್ಲಿ ದೊಡ್ಡ ದೀಪ ಇದ್ದರೆ ಕಡಲು ಬಿಟ್ಟು ರಸ್ತೆಯ ಕಡೆ ಹೋಗಿ ಸಾಯುತ್ತದೆ. ಸಾವಿರ ಮರಿಗಳಲ್ಲಿ ಬೆಳೆದು ದೊಡ್ಡದಾಗುವುದು ಒಂದೋ ಎರಡೋ. ಹತ್ತು ಹದಿನೈದು ವರ್ಷ ಕಡಲಲ್ಲಿ ಬೆಳೆದ ಮೇಲೆ ಹುಟ್ಟಿದ ಸೀಮೆಗೇ ಮೊಟ್ಟೆ ಇಡಲು ಬರುತ್ತದೆ. ತೇಲುವ ತೊಟ್ಟೆಯನ್ನು ಜೆಲ್ಲಿ ಮೀನು ಎಂದು ನುಂಗುವುದೂ ಉಂಟು. ಆ ತೊಟ್ಟೆ ಯಾವ ಅಂಗಡಿಯದ್ದು, ಯಾವ ತೋಟದ್ದು ಎಂದು ಅದಕ್ಕೆ ಏನು ಗೊತ್ತು?

1972ರ ವನ್ಯಜೀವಿ ಕಾಯ್ದೆಯಲ್ಲಿ ಕಡಲಾಮೆಗೆ ಆನೆ, ಹುಲಿಗಳ ಸಾಲಿನ ರಕ್ಷಣೆ ಉಂಟು. ಕಾಯ್ದೆ ಬೇಡ ಎನ್ನುವವಳಲ್ಲ ನಾನು. ಆದರೆ ರಾತ್ರಿ ಹನ್ನೆರಡಕ್ಕೆ ಮರಳಿನಲ್ಲಿ ಕಾಯ್ದೆ ಬಂದು ಮಲಗುವುದಿಲ್ಲ. ಮಲಗಿದ್ದು ಹುಡುಗರು. ಹೊರಗಿನವರು ಬಂದು "ಮುಟ್ಟಬೇಡಿ" ಎಂದಿದ್ದರೆ ಜಗಳ ಆಗುತ್ತಿತ್ತು. ಅವರೇ ತಮ್ಮ ಅಪ್ಪ, ಮಾವಂದಿರಿಗೆ "ಇದು ಬೇಡ, ಬಿಡುವ" ಎಂದಾಗ ಮಾತು ಒಳಗೆ ಹೋಯಿತು. ಸಾವಿರದಲ್ಲಿ ಒಂದೆರಡು ಉಳಿಯುವ ಮರಿಗಾಗಿ, ಹದಿನೈದು ವರ್ಷದ ಮೇಲೆ ಬಂದರೆ ಬಂದೀತೆಂಬ ಆಮೆಗಾಗಿ ನಿದ್ದೆ ಬಿಡುವುದು ಯಾವ ಲಾಭಕ್ಕೆ? ಲಾಭದ ಲೆಕ್ಕ ಇಲ್ಲಿ ಹಿಡಿಯುವುದಿಲ್ಲ. ತಾಯಿ ಆಮೆಯೇ ನೋಡದ ಮರಿಯನ್ನು ಇವರು ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟರಲ್ಲ, ಕೆಳಗಿನ ಮನೆಯ ಪಾಲು ಎಂದರೆ ಅದು.

ನಮ್ಮ ಜಿಲ್ಲೆಯ ಬೆಸ್ತರಲ್ಲಿ ಇನ್ನೊಂದು ಹಳೆಯ ಕ್ರಮ ಉಂಟು. ಭಗವತಿ ಕ್ಷೇತ್ರಗಳಲ್ಲಿ ಕಡಕ್ಕೋಡಿ ಎಂಬ ಕಡಲ ನ್ಯಾಯಕೂಟ ಸೇರುತ್ತದೆ. ಸ್ಥಾನಿಕರು ಕೂತು ಬಲೆಯ ಜಗಳ, ಮೀನುಗಾರಿಕೆಯ ತಕರಾರು ತೀರ್ಮಾನ ಮಾಡುತ್ತಾರೆ. ಪಟ್ಟೆ ಇಲ್ಲದ ಕಡಲಿಗೂ ಕಟ್ಟಳೆ ಉಂಟೆಂದು ಅವರು ನಮಗಿಂತ ಮೊದಲೇ ಅರಿತಿದ್ದರು. ಕೊಲ್ಲಂ ಜಿಲ್ಲೆಯ ನೀಂಡಕರ ಬಂದರಿನಲ್ಲಿ 2017ರಿಂದ "ಶುಚಿತ್ವ ಸಾಗರಂ" ಎಂಬ ಯೋಜನೆ ಸುರುವಾಯಿತು. ಬಲೆಗೆ ಮೀನಿನ ಜೊತೆ ಸಿಕ್ಕುವ ಪ್ಲಾಸ್ಟಿಕನ್ನು ಬೋಟಿನವರು ಮತ್ತೆ ಕಡಲಿಗೆ ಎಸೆಯದೆ ದಡಕ್ಕೆ ತರುತ್ತಾರೆ. ಅಲ್ಲಿ ಹೆಂಗಸರು ಅದನ್ನು ಬೇರೆ ಮಾಡಿ ತೊಳೆಯುತ್ತಾರೆ. ಪುಡಿ ಮಾಡಿದ ಮೇಲೆ ಅದು ಡಾಮರಿನ ಜೊತೆ ಸೇರಿ ರಸ್ತೆಗೆ ಹೋಗುತ್ತದೆ. ಯೋಚಿಸಿ ನೋಡಿ, ನಾವು ಮೇಲಿನಿಂದ ಬಿಟ್ಟದ್ದನ್ನು ಅವರು ಬಲೆ ಹಾಕಿ ಎತ್ತಿ ತರುತ್ತಿದ್ದಾರೆ. ಕೆಳಗಿನ ಮನೆಯವರು ಮೇಲಿನ ಮನೆಯ ಅಂಗಳ ಗುಡಿಸಿದ ಹಾಗಾಯಿತು.

ಆದರೆ ಅವರಿಂದಲೇ ಎಲ್ಲ ಆಗುವುದಿಲ್ಲ. ಕೊಳಾವಿಯ ಕತೆಯ ಮುಂದಿನ ಭಾಗ ಕೇಳಿ. ಮೊಟ್ಟೆ ಕದಿಯುವವರನ್ನು ನಿಲ್ಲಿಸಿದ ಹುಡುಗರಿಗೆ ಮರಳನ್ನು ನಿಲ್ಲಿಸಲು ಆಗಲಿಲ್ಲ. ಪಕ್ಕದ ಹೊಳೆಯ ಅಳಿವೆಯಿಂದ ಮರಳು ತೆಗೆದರು, ದಡ ಕೊರೆದು ಹೋಯಿತು, ಆಮೆ ಹತ್ತುವ ಜಾಗ ಸಣ್ಣದಾಯಿತು, ಬರುವ ಆಮೆಗಳೂ ಕಡಿಮೆಯಾದವು. ತೀರದ ಮರಳನ್ನು ಹೊತ್ತು ತರುವುದು ಹೊಳೆ. ಹೊಳೆಯನ್ನು ತೋಡಿ ಲಾರಿಗೆ ತುಂಬಿಸಿದರೆ ತೀರಕ್ಕೆ ಏನು ಉಳಿದೀತು? ನಾಟಿಯಲ್ಲಿ ಒಬ್ಬಳು ಪದ ಎತ್ತಿದರೆ ಉಳಿದವರು ಸೊಲ್ಲು ಕೊಡಬೇಕು. ಸೊಲ್ಲು ಇಲ್ಲದೆ ಎಷ್ಟೇ ಒಳ್ಳೆಯ ಕಂಠ ಆದರೂ ಅರ್ಧ ಗದ್ದೆಗೆ ಬಿದ್ದು ಹೋಗುತ್ತದೆ, ಇದು ನನಗೆ ಗೊತ್ತಿರುವ ವಿಷಯ. ತೀರದವರು ಪದ ಎತ್ತಿದ್ದಾರೆ. ಸೊಲ್ಲು ನಮ್ಮಿಂದ ಹೋಗಬೇಕು.

ನಮ್ಮ ಕೈಯಲ್ಲಿ ಆಗುವುದು ಏನು? ದೊಡ್ಡದೇನೂ ಅಲ್ಲ. ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಮನೆಗೆ ಬಂದಾಗ 50 ರೂಪಾಯಿಗೆ ಜಗಳ ಮಾಡದೆ, ತೊಳೆದು ಒಣಗಿಸಿದ ಪ್ಲಾಸ್ಟಿಕ್ ಕೊಡಬಹುದು. ಅವರು ಒಯ್ಯುವುದು ಬರೀ ನಮ್ಮ ಕಸ ಅಲ್ಲ, ಕಡಲಿಗೆ ಹೋಗಬೇಕಿದ್ದ ಕಸ. ರಸಗೊಬ್ಬರದ ಚೀಲ, ಸಸಿ ತಂದ ತೊಟ್ಟೆ, ಕಳೆನಾಶಕದ ಬಾಟ್ಲಿ ಇವನ್ನು ತೋಡಿನ ಬದಿಯಲ್ಲಿ ರಾಶಿ ಹಾಕಿ "ಮಳೆ ಬಂದಾಗ ಹೋಗುತ್ತದೆ" ಎನ್ನುವುದನ್ನು ಬಿಡಬಹುದು. ಹೋಗುತ್ತದೆ ಹೌದು, ಎಲ್ಲಿಗೆ? ಪಂಪಿನ ಡ್ರಮ್ಮು ತೊಳೆದ ನೀರನ್ನು ಹೊಳೆಗೆ ಬಿಡದೆ ತೋಟಕ್ಕೇ ಚೆಲ್ಲಬಹುದು. ಹೊಳೆಯ ಮರಳು ರಾತ್ರಿ ಲಾರಿ ಹತ್ತುವಾಗ ಊರಿನವರು ಒಟ್ಟಾಗಿ ಕೇಳಬಹುದು. ಒಬ್ಬರೇ ಕೇಳಿದರೆ ಹೆದರಿಕೆ ಉಂಟು, ಹತ್ತು ಮಂದಿ ಕೇಳಿದರೆ ಅದು ಕಟ್ಟಳೆ ಆಗುತ್ತದೆ.

ಶಾಲೆಯ ಮಾಸ್ಟ್ರು, ಟೀಚರುಗಳಲ್ಲಿ ಒಂದು ಬೇಡಿಕೆ. ಜೂನ್ 8ಕ್ಕೆ ಕಡಲ ದಿನ ಎಂದು ಮಕ್ಕಳಿಂದ ನೀಲಿ ಬಣ್ಣದ ಚಿತ್ರ ಬಿಡಿಸುತ್ತೀರಿ, ಒಳ್ಳೆಯದು. ಅದರ ಜೊತೆಗೆ ಮಳೆ ಬಿಟ್ಟ ಮೇಲೆ ಒಂದು ದಿನ ಮಕ್ಕಳನ್ನು ಶಾಲೆಯ ಹಿಂದಿನ ತೋಡಿನಿಂದ ಸುರು ಮಾಡಿ ಹೊಳೆಯ ದಾರಿ ಹಿಡಿದು ಅಳಿವೆಯವರೆಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಏನು ಸೇರುತ್ತದೆ, ಯಾರ ಮನೆಯಿಂದ ಸೇರುತ್ತದೆ ಎಂದು ಅವರೇ ಬರೆಯಲಿ. ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕನನ್ನು ಒಂದು ಪೀರಿಯಡಿಗೆ ಕ್ಲಾಸಿಗೆ ಕರೆಯಿರಿ. ಯಾವ ಗಾಳಿಗೆ ಯಾವ ಮೀನು, ಯಾವ ತಿಂಗಳಲ್ಲಿ ಬಂಗುಡೆಯ ಹೊಟ್ಟೆಯಲ್ಲಿ ಮೊಟ್ಟೆ ಎಂದು ಅವರಿಗೆ ಗೊತ್ತಿರುವುದು ಪುಸ್ತಕದಲ್ಲಿ ಸಿಗುವುದಿಲ್ಲ. ಮೀನಿನ ವಾಸನೆ ಎಂದು ಮೂಗು ಮುಚ್ಚುವ ಮಗು ಅವರನ್ನು ಟೀಚರ್ ಎಂದು ಒಂದು ದಿನ ಕರೆದರೆ, ಕಡಲ ಪಾಠದ ಅರ್ಧ ಅಲ್ಲಿಗೇ ಮುಗಿಯಿತು.

ಇನ್ನು ಮೊದಲಿನ ಪ್ರಶ್ನೆಗೆ ಬರುವ. ಯಾರದ್ದೂ ಅಲ್ಲದ್ದನ್ನು ಯಾರು ಕಾಯಬೇಕು? ಒಡೆಯರೇ ಕಾಯಬೇಕೆಂದು ಹೇಳಿದರೆ ಒಡೆಯರಿಲ್ಲದ ಕಡಲು ಹಾಳಾಗಿಯೇ ಹೋಗುತ್ತದೆ. ಗದ್ದೆಯ ಕಟ್ಟಳೆ ಹೇಳುವುದು ಬೇರೆ. ಕೆಳಗಿನ ಗದ್ದೆಗೆ ನಾನು ಒಡತಿ ಅಲ್ಲ, ಆದರೂ ಅದಕ್ಕೆ ಇಳಿಯುವ ನೀರಿಗೆ ನಾನು ಹೊಣೆ. ನನ್ನ ಗದ್ದೆ ದಾಟಿ ಹೋದದ್ದಕ್ಕೆಲ್ಲ ನನ್ನ ಹೊಣೆ ಹಿಂದೆಯೇ ಹೋಗುತ್ತದೆ. ಹಾಗಾಗಿ ಕಡಲು ಕಾಯುವುದನ್ನು ಪುಣ್ಯದ ಕೆಲಸ ಎಂದು ಯಾರೂ ಹೇಳಬೇಡಿ. ಪುಣ್ಯ ಎಂದರೆ ಮಾಡಿದರೆ ಮಾಡಿದ್ದು, ಬಿಟ್ಟರೆ ಬಿಟ್ಟದ್ದು. ಇದು ಹಾಗಲ್ಲ. ಇದು ಕೊಡಬೇಕಾದ ಪಾಲು, ಕೊಡದೆ ಉಳಿದರೆ ಸಾಲ. ಅರವತ್ತು ದಾಟಿದ ನಾನು ಈ ವರ್ಷ ನೀರಿಗಿಳಿದ ಮರಿಯಾಮೆ ದಡಕ್ಕೆ ತಿರುಗಿ ಬರುವುದನ್ನು ನೋಡುತ್ತೇನೋ ಇಲ್ಲವೋ. ನೋಡಲು ಸಿಗದಿದ್ದರೆ ಸಾಲ ಮಾಫಿ ಆಗುವುದಿಲ್ಲವಲ್ಲ. ಕೆಳಗಿನ ಮನೆಯವರ ಮುಖ ಗೊತ್ತಿದ್ದರೂ ಇಲ್ಲದಿದ್ದರೂ ಕಂಡಿ ಬಿಡಬೇಕು, ಬಿಡುವ ನೀರು ಚೊಕ್ಕ ಇರಬೇಕು.